ಲಿಸ್ಟಲ್ಲಿ ನೀನೂ ಇದ್ದೀಯ

"ನೀನೇ ಮೊದಲು ಹೋಗಪ್ಪ. ನಂದು ತಡ ಆಗುತ್ತೆ. ಲಿಸ್ಟಲ್ಲಿ ನೀನೂ ಇದ್ದೀಯ."

ಬುಧವಾರ ಸಂಜೆ ಚರ್ಚಿನಲ್ಲಿ, ಗುರುಗಳ ಮುಂದೆ ಮಂಡಿಯೂರಿ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಟೀಚರ್ ತಿರುಗಿ ಹೇಳಿದ್ದು ಇಷ್ಟೇ. ಹೇಳಿ ಪಕ್ಕಕ್ಕೆ ಸರಿದು, ಬೆರಳು ಯಾವ ಮಣಿಯ ಮೇಲೆ ನಿಂತಿತ್ತೋ ಅಲ್ಲಿಂದಲೇ ಜಪಸರ ಮುಂದುವರಿಸಿದರು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರಿಗೆ ದಾರಿ ಬಿಡ್ತಾರಲ್ಲ, ಆ ಥರ. ನಾನು ನಕ್ಕೆ. ಏನೂ ತೋಚದಾಗ ನಗುವುದು ನನ್ನ ಹಳೇ ಚಾಳಿ. ನಕ್ಕು ಮುಂದೆ ಹೋಗಿ ಮಂಡಿಯೂರಿದೆ. ಮಂಡಿಯೂರಿದ ಮೇಲೆ ಆ ಮಾತು ತಲೆಗೆ ಹೋಯಿತು.

ಇವತ್ತು ಶನಿವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಪಾಪನಿವೇದನೆಯ ಸಂಜೆ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಅಕ್ಕಪಕ್ಕದ ಧರ್ಮಕೇಂದ್ರಗಳಿಂದ ಮೂರ್ನಾಲ್ಕು ಗುರುಗಳು ಬಂದು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುತ್ತಾರೆ. ನಮ್ಮ ಫಾದರ್ ಮುಂದಿನ ಸಾಲು ಯಾವಾಗಲೂ ಗಿಡ್ಡ. ದನಿ ಕೇಳಿಯೇ ಇದು ಯಾರ ಮನೆಯ ಮಗ ಅಂತ ಹೇಳಬಲ್ಲವರ ಹತ್ತಿರ ಯಾರು ಹೋಗುತ್ತಾರೆ? ಕಿವಿ ಮಂದವಾದ ಹಿರಿಯ ಗುರುಗಳೊಬ್ಬರೂ ಬರುತ್ತಾರೆ. ಕೇಳಿಸಲ್ಲ, ಒಳ್ಳೆಯದೇ ಆಯ್ತು ಅಂತ ಅವರ ಬಳಿ ಹೋದವರು ಮರುವರ್ಷ ಆ ಕಡೆ ಸುಳಿಯುವುದಿಲ್ಲ. ಕಿವಿ ಮಂದ ಇರುವವರು ಮೆಲ್ಲಗೆ ಮಾತಾಡುವುದಿಲ್ಲವಲ್ಲ. ಒಂದು ವರ್ಷ ಅವರು "ಎಷ್ಟು ಸಲ?" ಅಂತ ಕೇಳಿದ್ದು ಅತ್ತ ಗೋದಲಿ ಕಟ್ಟುತ್ತಿದ್ದವರಿಗೂ ಕೇಳಿಸಿತ್ತು.

ಈ ಸಲ ನಾನು ನಿಂತಿದ್ದು ಯಾರೋ ಗುರುತಿಲ್ಲದ ಯುವ ಗುರುಗಳ ಸಾಲಿನಲ್ಲಿ. ಟೀಚರ್ ಕೂಡ ಅಲ್ಲೇ ನಿಂತಿದ್ದು ನನಗೆ ಆಶ್ಚರ್ಯ. ಅವರು ನಮ್ಮ ಫಾದರ್ ಹತ್ತಿರವೇ ಹೋಗುವವರು, ಅದೂ ತಿಂಗಳಿಗೊಮ್ಮೆ ತಪ್ಪದೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಅಂತ 1215ರಲ್ಲಿ ಕಥೋಲಿಕ ಧರ್ಮಸಭೆಯ ನಾಲ್ಕನೇ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಿತು. ಅದು ನನ್ನಂಥವರಿಗಾಗಿಯೇ ಮಾಡಿದ್ದಿರಬೇಕು. ತಿಂಗಳಿಗೊಮ್ಮೆ ಹೋಗುವವರ ಪಟ್ಟಿ ಗಿಡ್ಡ, ವರ್ಷಕ್ಕೊಮ್ಮೆ ಹೋಗುವವನ ಪಟ್ಟಿ ಉದ್ದ ಅಂತ ಯಾರಾದರೂ ಅಂದುಕೊಂಡಾರು. ಆದರೆ ನೋಡಿ, ತಡವಾಗುವುದು ಅವರದಂತೆ.

ನಂದು ಎರಡೂವರೆ ನಿಮಿಷ. ಸಿಟ್ಟು ಮಾಡಿಕೊಂಡೆ, ಸಣ್ಣಪುಟ್ಟ ಸುಳ್ಳು ಹೇಳಿದೆ, ಪ್ರಾರ್ಥನೆ ತಪ್ಪಿಸಿದೆ, ಭಾನುವಾರದ ಪೂಜೆಗೆ ಲೇಟಾಗಿ ಬಂದೆ. ಇಪ್ಪತ್ತು ವರ್ಷದಿಂದ ಅದೇ ಪಟ್ಟಿ, ಬಾಯಿಪಾಠ. "ಮತ್ತೇನಾದರೂ?" ಅಂದರು ಗುರುಗಳು. ಗುರುಗಳಿಗೂ ನನಗೂ ನಡುವಿನ ಜಾಲರಿಯ ಈಚೆ ಒಂದು ಮಾರು ದೂರದಲ್ಲಿ ಟೀಚರ್ ನಿಂತಿದ್ದಾರೆ, ನನ್ನ ಹೆಸರನ್ನು ಕೈಯಲ್ಲಿ ಹಿಡಿದುಕೊಂಡು. "ಇಲ್ಲ ಫಾದರ್" ಅಂದೆ. ಮೂರು ನಮೋ ಮರಿಯ ಪ್ರಾಯಶ್ಚಿತ್ತ.

ಮೂರು ನಮೋ ಮರಿಯ ಹೇಳಲು ಒಂದು ನಿಮಿಷ ಸಾಕು. ನಾನು ಬೆಂಚಿನಲ್ಲಿ ಕೂತು ಹನ್ನೊಂದು ನಿಮಿಷ ಹೇಳಿದೆ. ಟೀಚರ್ ಒಳಗಿದ್ದದ್ದು ಅಷ್ಟು ಹೊತ್ತು. ಕದ್ದು ಕೇಳಲಿಲ್ಲ, ಅಷ್ಟು ಕೆಟ್ಟವನಲ್ಲ. ಗಡಿಯಾರ ನೋಡಿದೆ ಅಷ್ಟೆ. ಹನ್ನೊಂದರಲ್ಲಿ ನನ್ನ ಪಾಲಿಗೆ ಬಂದದ್ದೆಷ್ಟು? ಎರಡು? ಐದು? ಇದು ಮೊದಲ ಸಲವೋ, ಅಥವಾ ಕಳೆದ ಕ್ರಿಸ್‌ಮಸ್‌ನಿಂದ ತಿಂಗಳಿಗೊಮ್ಮೆಯಂತೆ ಹನ್ನೆರಡು ಸಲ ನಾನು ಆ ಜಾಲರಿ ದಾಟಿ ಹೋಗಿದ್ದೇನೋ?

ಕೇಳುವುದು ಯಾರನ್ನು? ಗುರುಗಳು ಬಾಯಿ ಬಿಡುವಂತಿಲ್ಲ. ಧರ್ಮಸಭೆಯ ಕಾನೂನಿನ 983ನೇ ನಿಯಮ ಬಹಳ ಖಡಕ್ಕು. ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಯಾವ ಕಾರಣಕ್ಕಾಗಲಿ ಹೊರಗೆ ಬಿಡುವಂತಿಲ್ಲ. ಅಕಸ್ಮಾತ್ತಾಗಿ ಕೇಳಿಸಿಕೊಂಡವರಿಗೂ ಆ ಗುಟ್ಟಿನ ಕಟ್ಟು ಉಂಟು. ಟೀಚರ್ ನನಗೆ ಹೇಳಿದ್ದು ಜಾಲರಿಯ ಹೊರಗೆ, ಸಾಲಿನಲ್ಲಿ ನಿಂತು. ಅದಕ್ಕೆ ಕಟ್ಟಿಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅವತ್ತು ಡಿಸೆಂಬರ್ 17. ಪೂಜೆಯಲ್ಲಿ ಆ ದಿನದ ಶುಭಸಂದೇಶ ಯಾವುದೆಂದು ಗೊತ್ತಲ್ಲ, ಮತ್ತಾಯ ಬರೆದ ಯೇಸುಸ್ವಾಮಿಯ ವಂಶಾವಳಿ. ಅಬ್ರಹಾಮನಿಂದ ಹಿಡಿದು ಮರಿಯಳ ಪತಿ ಜೋಸೆಫನವರೆಗೆ, ಹದಿನಾಲ್ಕರ ಮೂರು ಕಂತು. ಓದುವವರಿಗೆ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಆಕಳಿಕೆ. ನಾನೂ ಆಕಳಿಸಿದವನೇ. ಆದರೆ ಪಟ್ಟಿಯ ಮಾತು ತಲೆಯಲ್ಲಿ ಕೂತ ಮೇಲೆ ರಾತ್ರಿ ಬೈಬಲ್ ತೆಗೆದು ಅದೇ ಅಧ್ಯಾಯ ಮತ್ತೆ ಓದಿದೆ. ಅಪ್ಪ, ಮಗ, ಅಪ್ಪ, ಮಗ ಅಂತ ಸಾಗುವ ಸಾಲಿನಲ್ಲಿ ತಾಮಾರಳು, ರಾಹಾಬಳು, ರೂತಳು ಬರುತ್ತಾರೆ. ಆಮೇಲೆ ಸೊಲೊಮೋನನ ತಾಯಿ. ಅವಳ ಹೆಸರು ಹೇಳುವುದಿಲ್ಲ, ಊರೀಯನ ಹೆಂಡತಿ ಅನ್ನುತ್ತಾನೆ. ಹೆಸರು ಗೊತ್ತಿಲ್ಲದೆ ಅಲ್ಲ. ದಾವೀದ ಅರಸ ಯಾರ ಹೆಂಡತಿಯನ್ನು ತೆಗೆದುಕೊಂಡ, ಯಾರನ್ನು ಕೊಲ್ಲಿಸಿದ ಅನ್ನುವುದು ಆ ಎರಡು ಪದದಲ್ಲೇ ಉಳಿಯಲಿ ಅಂತ. ಸ್ವಾಮಿಯ ಮನೆತನದ ಪಟ್ಟಿ ಬರೆಯುವಾಗ ಅದೊಂದನ್ನು ಉಜ್ಜಿಹಾಕುವುದು ಎಷ್ಟು ಸುಲಭವಿತ್ತು.

ಉಜ್ಜುವ ಮಾತು ಬಂತಲ್ಲ, ಹೇಳಿಬಿಡುತ್ತೇನೆ.

ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಮುಂಚೆ ದೀಪ ತಗ್ಗಿಸಿ ಒಂದು ಘೋಷಣೆ ಹಾಡುತ್ತಾರೆ. ಸ್ವಾಮಿ ಯಾವ ಕಾಲಕ್ಕೆ ಹುಟ್ಟಿದರು ಅಂತ ಲೋಕದ ಲೆಕ್ಕದಲ್ಲೆಲ್ಲ ಹೇಳುವ ಘೋಷಣೆ. ಅಬ್ರಹಾಮ ಹೊರಟು ಇಷ್ಟು ಶತಮಾನ, ದಾವೀದನಿಗೆ ಅಭಿಷೇಕವಾಗಿ ಸುಮಾರು ಸಾವಿರ ವರ್ಷ, ಗ್ರೀಕರ ನಾಲ್ಕು ವರ್ಷಕ್ಕೊಂದರ ಲೆಕ್ಕದಲ್ಲಿ 194ನೇ ಒಲಿಂಪಿಯಾಡ್, ರೋಮ್ ನಗರ ಸ್ಥಾಪನೆಯಾಗಿ 752ನೇ ವರ್ಷ, ಅಗಸ್ಟಸ್ ಚಕ್ರವರ್ತಿಯ ಆಳ್ವಿಕೆಯ 42ನೇ ವರ್ಷ, ಇಡೀ ಜಗತ್ತು ಶಾಂತಿಯಿಂದಿರುವಾಗ ಅಂತ. ಹಳೆಯ ಪಠ್ಯದಲ್ಲಿ ಸೃಷ್ಟಿಯಾಗಿ 5199 ವರ್ಷ ಅಂತಲೂ ಇತ್ತು. ಈಗ ಅದನ್ನು ಬಿಟ್ಟು, ಎಣಿಕೆಗೆ ಸಿಗದಷ್ಟು ಯುಗ ಕಳೆದ ಮೇಲೆ ಅನ್ನುತ್ತಾರೆ. ಹೆಚ್ಚು ಕಡಿಮೆ ಒಂದೇ ವಾಕ್ಯ. ರಾಗ ಅಂತ ದೊಡ್ಡದೇನಿಲ್ಲ, ಬಹುಪಾಲು ಒಂದೇ ಸ್ವರದ ಮೇಲೆ ನಡೆದು ಜನನದ ಮಾತು ಬಂದಾಗ ದನಿ ಮೇಲೇರಬೇಕು. ಕಷ್ಟ ಇರುವುದು ಉಸಿರಿನಲ್ಲಿ. ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಹಿಡಿಯಬೇಕು.

ಉಪಯಾಜಕರು ಇಲ್ಲದ ಕಡೆ ಗಾಯನ ವೃಂದದವರೊಬ್ಬರು ಅದನ್ನು ಹಾಡಬಹುದು. ನಮ್ಮಲ್ಲಿ ವರ್ಷಾನುಗಟ್ಟಲೆ ಟೀಚರೇ ಹಾಡಿದರು. ಹೋದ ವರ್ಷ ಫಾದರ್ ಹೊಸಬರು. ಒಳ್ಳೆಯವರೇ, ಆದರೆ ಎಲ್ಲವೂ ಮೈಕಿಗೆ ಸರಿಯಾಗಿ ಬರಬೇಕು ಅನ್ನುವ ಜಾತಿ. "ಈ ಸಲ ಸ್ವಲ್ಪ ಗಟ್ಟಿ ದನಿ ಇರಲಿ, ನೀವು ಹಾಡಿ" ಅಂದರು ನನಗೆ. ನಾನು "ಟೀಚರ್ ಇದ್ದಾರಲ್ಲ ಫಾದರ್" ಅಂದೆ. ಒಂದೇ ಸಲ ಅಂದೆ. ಎರಡನೇ ಸಲ ಅನ್ನಬೇಕಾಗಿ ಬರಬಾರದು ಅನ್ನುವ ದನಿಯಲ್ಲಿ ಅಂದೆ.

ಟೀಚರ್ ಮರುದಿನವೇ ಹಾಳೆ ತಂದುಕೊಟ್ಟರು. ಪ್ಲಾಸ್ಟಿಕ್ ಕವರಿನೊಳಗೆ, ಅಂಚು ಮುದುಡದ ಹಾಗೆ. ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೀಟು, ಅವರು ಉಸಿರು ತೆಗೆದುಕೊಳ್ಳುವ ಜಾಗಗಳು. "ಬೇಕಾದರೆ ನೋಡ್ಕೋ" ಅಂದಿದ್ದರು. ನನಗೆ ಬೇಕಾಗಲಿಲ್ಲ. ನನ್ನ ಉಸಿರು ಅವರದಕ್ಕಿಂತ ಉದ್ದ ಅನ್ನುವ ಜಂಬ. ಮಗಳ ರಬ್ಬರ್ ತಗೊಂಡು ಒಂದೊಂದಾಗಿ ಉಜ್ಜಿದೆ, ಹಾಳೆಯ ಮೇಲಿನ ಪುಡಿಯನ್ನು ಉಫ್ ಅಂತ ಊದಿದೆ. ಆ ರಾತ್ರಿ ಹಾಡು ಚೆನ್ನಾಗಿಯೇ ಬಂತು, ಸುಳ್ಳು ಯಾಕೆ. ಪೂಜೆ ಮುಗಿದ ಮೇಲೆ ಹತ್ತಾರು ಜನ ಕೈಕುಲುಕಿದರು. ಟೀಚರ್ ಕೂಡ "ಚೆನ್ನಾಗಿತ್ತು, ಗಟ್ಟಿಯಾಗಿತ್ತು" ಅಂದರು. ಹಾಳೆ ವಾಪಸ್ ತಗೊಂಡು ಫೈಲಿಗೆ ಸೇರಿಸಿದರು. ವೃಂದದ ಫೈಲುಗಳೆಲ್ಲ ಅವರ ಸುಪರ್ದಿ. ಡಿಸೆಂಬರಿನಲ್ಲಿ ಮಾತ್ರ ಮುಖ ತೋರಿಸುವ ಗಾಯಕರಿಗೆ ಹಾಳೆ ಹುಡುಕಿಕೊಡುವುದೂ, ಪೂಜೆಯ ಸ್ತುತಿಗೀತೆ ಗ್ಲೋರಿಯಾಕ್ಕೆ ಡಿಸ್ಕೊ ತಾಳ ಹಾಕುವ ಕೀಬೋರ್ಡ್ ಹುಡುಗನಿಗೆ ಕಣ್ಣು ಬಿಡುವುದೂ ಅವರೇ. ಆಗಮನದ ನಾಲ್ಕು ಭಾನುವಾರವೂ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲವಾದ್ದರಿಂದ ಆ ಹುಡುಗನಿಗೆ ಕೈ ಕಟ್ಟಿಹಾಕಿದಂತಾಗಿ, ಪ್ರಾಕ್ಟೀಸಿನಲ್ಲೇ ಎಲ್ಲ ತೀರಿಸಿಕೊಳ್ಳುತ್ತಾನೆ.

ಅಂದರೆ, ಉಜ್ಜಿದ ಹಾಳೆಯನ್ನು ಅವರು ನೋಡಿದ್ದಾರೆ.

ಇದೇ ಕಾರಣ ಅಂತ ನನಗೇನು ಖಾತ್ರಿ? ಬೇರೆ ಏನೋ ಇರಬಹುದು. ಹದಿನೈದು ದಿನದ ಹಿಂದೆ ಗೋದಲಿ ಕಮಿಟಿಯವರ ಜೊತೆ ಸೇರಿ ನಾನೂ ಅವರ ಮಾತಿಗೆ ನಕ್ಕಿದ್ದೆ. ಬಾಲಯೇಸುವನ್ನು 24ರ ರಾತ್ರಿವರೆಗೆ ಗೋದಲಿಯಲ್ಲಿ ಇಡಬೇಡಿ ಅಂತ ಅವರು ಹೇಳಿದ್ದಕ್ಕೆ, ಕಮಿಟಿಯ ಮುಖಂಡ "ಲೈಟಿಂಗ್ ಟೆಸ್ಟ್ ಮಾಡೋಕೆ ಬೇಕು ಟೀಚರ್" ಅಂದ. ಸೀರಿಯಲ್ ಲೈಟ್ ಹೆಚ್ಚಿದಷ್ಟೂ ಭಕ್ತಿ ಹೆಚ್ಚು ಅಂತ ನಂಬಿದ ಮನುಷ್ಯ. ಅವನ ಮಾತು ಕೇಳಿ ನಗು ಬಂತು, ನಕ್ಕೆ. ಅದೂ ಇರಬಹುದು. ನನಗೆ ನೆನಪೇ ಇಲ್ಲದ ಇನ್ನೊಂದೂ ಇರಬಹುದು. ಹೀಗೆ ಹುಡುಕುತ್ತಾ ಹೋದರೆ ನನ್ನದೊಂದು ಪಟ್ಟಿ ತಾನಾಗಿಯೇ ಉದ್ದವಾಗುತ್ತಿದೆ, ಜಾಲರಿಯ ಮುಂದೆ ಎರಡೂವರೆ ನಿಮಿಷದಲ್ಲಿ ಮುಗಿಸಿ ಬಂದವನದು.

ಗುರುವಾರ ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಇನ್ನೊಂದು ಹೊಳೆಯಿತು. ನನಗೆ ಮೊದಲ ಪರಮಪ್ರಸಾದಕ್ಕೆ ಪಾಠ ಹೇಳಿಕೊಟ್ಟವರು ಇದೇ ಟೀಚರ್. ಆತ್ಮಶೋಧನೆ ಹೇಗೆ ಮಾಡಬೇಕು ಅಂತ ಕಲಿಸುವಾಗ ನಾನು ಎದ್ದು ನಿಂತು, ಅಣ್ಣ ಹೊಡೆದಿದ್ದಕ್ಕೆ ನಾನು ಕಚ್ಚಿದೆ, ಅದನ್ನು ಹೇಳಬೇಕಾ ಅಂತ ಕೇಳಿದ್ದೆ. "ನೀನು ಕಚ್ಚಿದ್ದನ್ನು ನೀನು ಹೇಳು. ಅವನು ಹೊಡೆದಿದ್ದನ್ನು ಅವನು ಹೇಳ್ಕೋತಾನೆ" ಅಂದಿದ್ದರು.

ಹಾಗಾದರೆ ಬುಧವಾರ ಅವರು ಒಳಗೆ ಹೇಳಿದ್ದು ನಾನು ಉಜ್ಜಿದ್ದನ್ನಲ್ಲ, ನಕ್ಕಿದ್ದನ್ನೂ ಅಲ್ಲ. ನನ್ನ ಬಗ್ಗೆ ತಮ್ಮೊಳಗೆ ಹುಟ್ಟಿದ್ದನ್ನು. ನಾನು ಹೊಡೆದದ್ದನ್ನು ನಾನೇ ಹೇಳಿಕೊಳ್ಳುತ್ತೇನೆ ಅಂತ ಬಿಟ್ಟುಕೊಟ್ಟು, ತಾವು ಕಚ್ಚಿದ್ದನ್ನು ಮಾತ್ರ ಹೇಳಿ ಬಂದರು. ಆ ಸಾಲಿನಲ್ಲಿ ನನ್ನನ್ನು ಮುಂದೆ ಕಳಿಸಿದರಲ್ಲ, ನಾನು ಒಳಗೆ ಹೋಗಿ "ಇಲ್ಲ ಫಾದರ್" ಅಂದೆ. ಇದನ್ನು ಯೋಚಿಸಿದಾಗಲೆಲ್ಲ ಮೈ ಬಿಸಿಯಾಗುತ್ತದೆ. ಬೈದಿದ್ದರೆ ವಾಸಿಯಿತ್ತು. ಬೈದವರ ಮೇಲೆ ತಿರುಗಿ ಸಿಟ್ಟು ಮಾಡಿಕೊಳ್ಳುವ ಸೌಕರ್ಯವಾದರೂ ಇರುತ್ತದೆ. ನನ್ನಿಂದಾಗಿ ಒಬ್ಬರು ಮಂಡಿಯೂರಿ ತಾವೇ ಕ್ಷಮೆ ಕೇಳಿ ಎದ್ದು ಬಂದಿದ್ದಾರೆ ಅನ್ನುವುದನ್ನು ಎಲ್ಲಿ ಇಟ್ಟುಕೊಳ್ಳುವುದು? ಬೇರೆಯವರನ್ನು ಕ್ಷಮಿಸಿ ನನಗೆ ರೂಢಿ ಇದೆ. ಮನಸ್ಸಿಗೆ ಹಿತವಾಗಿರುತ್ತದೆ, ನಾಲ್ಕು ಜನರಿಗೆ ಹೇಳಿಕೊಳ್ಳಲೂಬಹುದು. ಇದು ಹಾಗಲ್ಲ. ಇದರಲ್ಲಿ ನನಗೆ ಮಾಡಲು ಕೆಲಸವೇ ಉಳಿಸಿಲ್ಲ ಆ ಹೆಂಗಸು.

ಈ ವರ್ಷವೂ ಘೋಷಣೆ ನನ್ನದೇ. ಕಳೆದ ಭಾನುವಾರ, ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿದ ದಿನ, ಟೀಚರ್ ಅದೇ ಕವರಿನಲ್ಲಿ ಅದೇ ಹಾಳೆ ಕೊಟ್ಟಿದ್ದರು. ನಾನು ತೆಗೆದೂ ನೋಡಿರಲಿಲ್ಲ. ನಿನ್ನೆ ರಾತ್ರಿ ತೆಗೆದು, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ಅಡ್ಡಡ್ಡ ಹಿಡಿದೆ. ಸೀಸ ಹೋಗಿದೆ, ಒತ್ತಿದ ಗುರುತು ಹೋಗಿಲ್ಲ. ಓರೆ ಬೆಳಕಿನಲ್ಲಿ ಒಂದೊಂದೇ ಗೀಟು ನೆರಳಾಗಿ ಎದ್ದು ನಿಂತಿತು. ಒಲಿಂಪಿಯಾಡಿನ ಮುಂದೊಂದು. 752ಕ್ಕೆ ಮೊದಲೊಂದು. ಅಗಸ್ಟಸ್ ಆದ ಮೇಲೊಂದು. ಆಮೇಲೆ, ಎಲ್ಲೂ ಯಾರೂ ನಿಲ್ಲದ ಜಾಗದಲ್ಲಿ ಒಂದು: "ಇಡೀ ಜಗತ್ತು" ಆದ ಮೇಲೆ, "ಶಾಂತಿಯಿಂದಿರುವಾಗ" ಅನ್ನುವುದಕ್ಕೆ ಮುಂಚೆ. ಹಾಡಿ ನೋಡಿದೆ. ಅಲ್ಲಿ ಉಸಿರು ಬೇಕಾಗುವುದೇ ಇಲ್ಲ, ಹಿಂದಿನ ಗೀಟಿನಲ್ಲಿ ತೆಗೆದುಕೊಂಡದ್ದು ಧಾರಾಳವಾಗಿ ಉಳಿದಿರುತ್ತದೆ. ಮತ್ತೆ ಹಾಡಿದೆ. ನಿಲ್ಲಿಸಿ, ಎಳೆದುಕೊಂಡು, ಶಾಂತಿ ಅಂದೆ. ಮಗಳು ಬಾಗಿಲು ತೆರೆದು "ಅಪ್ಪಾ, ಕತ್ತಲಲ್ಲಿ ಏನು ಮಾಡ್ತಿದ್ದೀಯ" ಅಂದಳು. ಪೆನ್ಸಿಲ್ ಕೊಡು ಅಂದೆ.

ಗೀಟುಗಳನ್ನು ಮತ್ತೆ ಎಳೆದೆ. ಹೊಸದಾಗಿ ಎಳೆಯಬೇಕಾಗಲಿಲ್ಲ, ಪೆನ್ಸಿಲಿನ ಮೊನೆ ತಾನಾಗಿಯೇ ಹಳೆಯ ತಗ್ಗಿಗೆ ಬಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ನಾನು ಜೋರಾಗಿ ಉಜ್ಜಿ ಹಾಳೆ ತೆಳುವಾಗಿದೆ, ಎಷ್ಟು ಬೆಳಕು ಹಿಡಿದರೂ ಗುರುತು ಕಾಣುತ್ತಿಲ್ಲ. ಅದೊಂದನ್ನು ಟೀಚರನ್ನೇ ಕೇಳಬೇಕು.

ಆರು ಗಂಟೆಗೆ ಪ್ರಾಕ್ಟೀಸ್. ಕೀಬೋರ್ಡ್ ಹುಡುಗ ಬರುವ ಮೊದಲೇ ಹೋಗಬೇಕು. ಐದು ಕಾಲಾಯಿತು, ನಾನಿನ್ನೂ ಇಲ್ಲೇ ಕೂತಿದ್ದೇನೆ.