ಅಕ್ಷರಗಳ ನಡುವಿನ ಏಳು

"ತಂಗೀ, ಅಕ್ಷರಗಳ ನಡುವೆ ಏಳು ಯಾಕೆ ಬಂತು?"

ಶನಿವಾರದಿಂದ ಅಮ್ಮನ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೆನಡಾದ ವ್ಯಾಂಕೂವರ್‌ನಿಂದ ಸ್ಕ್ವಾಮಿಷ್ ಊರಿನ ಕಡೆಗೆ ಹೋಗುವ 99ನೇ ಹೆದ್ದಾರಿಯಲ್ಲಿದ್ದೆವು. ಹಾರ್ಸ್‌ಶೂ ಬೇ ದಾಟಿದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಕಡಿದ ಬಂಡೆ. ಹೊಸಬರು ಯಾರೇ ಬಂದರೂ ನೀರನ್ನೇ ನೋಡುತ್ತಾರೆ. ಶಿರಸಿಯ ಹತ್ತಿರದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಅಮ್ಮ ಮಾತ್ರ ಫಲಕ ಓದುತ್ತಿದ್ದಳು. ಸ್ಕ್ವಾಮಿಷ್ ಎಂಬ ಹೆಸರಿನ ಜೊತೆಗೆ ಇನ್ನೊಂದು ಹೆಸರಿತ್ತು, ಅದರ ಹೊಟ್ಟೆಯೊಳಗೆ 7.

"ಗೊತ್ತಿಲ್ಲ ಅಮ್ಮ, ಇಲ್ಲಿ ಹಾಗೇ ಬರೆಯುತ್ತಾರೆ" ಎಂದೆ. ಎಂಟು ವರ್ಷ ಈ ದಾರಿಯಲ್ಲಿ ಓಡಾಡಿದವಳ ಉತ್ತರ ಅದು. ಹಿಂದಿನ ಸೀಟಿನಲ್ಲಿದ್ದ ಸ್ನೇಹಿತರೊಬ್ಬರು, "ಓದಲು ಬಾರದ ಹೆಸರು ಹಾಕಿ ಯಾರಿಗೆ ಪ್ರಯೋಜನ?" ಎಂದರು. ಒಳ್ಳೆಯ ಮನುಷ್ಯ, ನಮ್ಮ ಕಷ್ಟಕ್ಕೆ ಮೊದಲು ಓಡಿಬರುವವರು. ಆದರೆ ಬೆಂಗಳೂರಿನ ಅಂಗಡಿಗಳಿಗೆ ಕನ್ನಡ ಫಲಕ ಇರಲೇಬೇಕೆಂದು ಗಂಟೆಗಟ್ಟಲೆ ವಾದಿಸುವವರೂ ಅವರೇ. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು.

ಶ್ಯಾನನ್ ಜಲಪಾತದ ಹತ್ತಿರ ಇಳಿದೆವು. 335 ಮೀಟರ್ ಎತ್ತರದಿಂದ ಬೀಳುವ ನೀರು. ಅಲ್ಲಿ ಬೆಂಚಿನ ಮೇಲೆ ಮೊಮ್ಮಗಳೊಂದಿಗೆ ಕುಳಿತಿದ್ದ ಹಿರಿಯ ಹೆಂಗಸಿನ ಪಕ್ಕದಲ್ಲಿ ಅಮ್ಮ ಕುಳಿತೇಬಿಟ್ಟಳು. ಎಲ್ಲಿಯವರೆಂದು ಅವರು ಕೇಳಿದರು, ನಾವು ಹೇಳಿದೆವು. ತಮ್ಮದು ಇದೇ ನೆಲ, ಇಲ್ಲಿನ ಮೂಲನಿವಾಸಿಗಳಾದ ಸ್ಕ್ವಾಮಿಷ್ ಜನ ಎಂದರು. "ಕೇಳು, ಏಳಿನ ವಿಷಯ ಕೇಳು" ಎಂದು ಅಮ್ಮ ನನ್ನ ಕೈ ಹಿಡಿದು ಎಳೆದಳು.

"ಅದು ಅಂಕಿಯಲ್ಲ, ಅಕ್ಷರ" ಎಂದರು ಆಕೆ. ಎರಡು ಬೆರಳನ್ನು ಗಂಟಲ ಕುಳಿಯ ಮೇಲಿಟ್ಟು ಹೆಸರನ್ನು ನಿಧಾನವಾಗಿ ಹೇಳಿದರು. 7 ಬಂದಲ್ಲಿ ಉಸಿರು ಕ್ಷಣಕಾಲ ನಿಂತು ಮತ್ತೆ ಹೊರಟಿತು. ಭಾಷಾಶಾಸ್ತ್ರಜ್ಞರು ಆ ತಡೆಗೆ ಬಳಸುವ ಗುರುತು ಚುಕ್ಕಿಯಿಲ್ಲದ ಪ್ರಶ್ನಾರ್ಥಕ ಚಿಹ್ನೆಯಂತಿದೆ. ಟೈಪ್‌ರೈಟರಿನಲ್ಲಿ ಅದಿರಲಿಲ್ಲ, ನೋಡಲು ಹತ್ತಿರದ್ದೆಂದು 7 ಬಂತು.

ಅಮ್ಮ ತಾನೂ ಗಂಟಲಿಗೆ ಬೆರಳಿಟ್ಟಳು. ಬಳೆಗಳು ಮೊಣಕೈವರೆಗೆ ಜಾರಿದವು. ಊಟಕ್ಕೆ ಇನ್ನಷ್ಟು ಬಡಿಸಲು ಹೋದಾಗ ಬಾಯಿ ತೆರೆಯದೆ ಬೇಡವೆನ್ನುತ್ತೇವಲ್ಲ, ಹಾಗೆ "ಉಂ-ಉಂ" ಎಂದಳು. ಎರಡು ಉಂಗಳ ನಡುವೆ ಅದೇ ತಡೆ! ಆ ಹಿರಿಯರು ಕೈತಟ್ಟಿ ನಕ್ಕರು. ಆಮೇಲೆ, "ನನ್ನ ಅಮ್ಮನಿಗೆ ಈ ಭಾಷೆ ಬರುತ್ತಿತ್ತು, ನಮಗೆ ಕಲಿಸಲು ಹೆದರಿದಳು. ಈಗ ಇವಳ ಜೊತೆ ಕೂತು ಕಲಿಯುತ್ತಿದ್ದೇನೆ" ಎಂದು ಮೊಮ್ಮಗಳ ತಲೆ ನೇವರಿಸಿದರು.

ಆ ಹೆದರಿಕೆ ಎಲ್ಲಿಂದ ಬಂತೆಂದು ಕೇಳಬೇಕಾಗಿರಲಿಲ್ಲ. ನಾರ್ತ್ ವ್ಯಾಂಕೂವರ್‌ನಲ್ಲಿ 1899ರಿಂದ 1959ರವರೆಗೆ ಮೂಲನಿವಾಸಿ ಮಕ್ಕಳ ವಸತಿ ಶಾಲೆಯೊಂದು ನಡೆಯಿತು. ಮನೆಯಿಂದ ಮಕ್ಕಳನ್ನು ಬೇರ್ಪಡಿಸಿ, ಮನೆಮಾತು ಆಡಿದರೆ ಶಿಕ್ಷಿಸುತ್ತಿದ್ದ ಕಾಲ. ಅದಕ್ಕೂ ಮೊದಲು 1792ರಲ್ಲಿ ಹಡಗಿನಲ್ಲಿ ಬಂದ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಈ ಕಡಲತೋಳಿಗೆ ತನ್ನ ದೇಶದ ನೌಕಾಧಿಪತಿಯೊಬ್ಬನ ನೆನಪಿಗೆ ಹೌ ಸೌಂಡ್ ಎಂದು ಹೆಸರಿಟ್ಟ. ಇದರ ಮೂಲ ಹೆಸರಿನಲ್ಲೂ 7 ಇದೆ. ಸ್ಥಳೀಯರ ಹೆಸರುಗಳು ಈ ರಸ್ತೆಯ ಫಲಕಗಳಿಗೆ ಮರಳಿದ್ದು 2010ರ ಚಳಿಗಾಲದ ಒಲಿಂಪಿಕ್ಸ್‌ಗೆಂದು ರಸ್ತೆ ಅಗಲಿಸಿದ ಹೊತ್ತಿಗೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಬೆಂಗಳೂರು, ಮೈಸೂರು, ಬೆಳಗಾವಿ ಎಂದಾದಾಗ ನಾನು ಕಣ್ಣೀರು ಹಾಕಿದ್ದೆ. ನಮ್ಮ ಭಾಷೆಯನ್ನಾಡಲು ಕೋಟಿಗಟ್ಟಲೆ ಜನ ಇದ್ದೇವೆ. ಇವರ ಭಾಷೆಯನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು ಬೆರಳೆಣಿಕೆಯಷ್ಟು. ಆ ಫಲಕ ಯಾರಿಗೆ ಪ್ರಯೋಜನವೆಂದರೆ, ಬೆಂಚಿನ ಮೇಲಿದ್ದ ಆ ಹುಡುಗಿಗೆ. ಸ್ನೇಹಿತರಿಗೆ ಇದನ್ನು ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಅದೊಂದು ಕೊರಗು ಉಳಿದಿದೆ.

ಇವತ್ತು ಬೆಳಿಗ್ಗೆ ಅಮ್ಮ ಶಿರಸಿಗೆ ಫೋನು ಮಾಡಿದಳು. ಚಿಕ್ಕಮ್ಮನಿಗೆ ಜಲಪಾತದ ಸುದ್ದಿ ಹೇಳಲೇ ಇಲ್ಲ. "ಮೊದಲು ಗಂಟಲಿಗೆ ಬೆರಳಿಟ್ಟುಕೋ" ಎನ್ನುತ್ತಿದ್ದಳು.