ಅಮ್ಮನ ಬಲಗೈ ಊದಿದ ದಿನ

"ಕಷ್ಟಪಟ್ಟು ಬೆಳೆದಿದ್ದೀರಿ, ಅದಕ್ಕೇ ಇಷ್ಟು ಚೆನ್ನಾಗಿ ಬರೀತೀರಿ" ಅಂತ ಯಾರಾದರೂ ಹೇಳಿದಾಗ ನನಗೆ ಸಂಕಟವಾಗುತ್ತದೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದೇ ಮನೆಯಲ್ಲಿ, ಅದೇ ಭಯದಲ್ಲಿ ನನ್ನ ತಂಗಿಯೂ ಬೆಳೆದಳು. ಅವಳು ಒಂದು ಕಥೆಯನ್ನೂ ಬರೆದವಳಲ್ಲ. ರಾತ್ರಿ ಹೊತ್ತು ಬಾಗಿಲು ಜೋರಾಗಿ ಬಡಿದರೆ ಈಗಲೂ ಅವಳ ಎದೆ ಹೊಡೆದುಕೊಳ್ಳುತ್ತದೆ. ಪೆಟ್ಟು ತಿಂದವರೆಲ್ಲ ಬರಹಗಾರರಾಗುವ ಹಾಗಿದ್ದರೆ ಈ ಲೋಕದಲ್ಲಿ ಎಷ್ಟು ಜನ ಬರಹಗಾರರಿರಬೇಕಿತ್ತು ಅಲ್ವಾ?

ಅಪ್ಪ ಕುಡಿಯುತ್ತಿದ್ದರು. ಅವರ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಆ ರಾತ್ರಿ ಹೇಗೆ ಕಳೆಯುತ್ತದೆ ಅಂತ ನನಗೆ ಗೊತ್ತಾಗುತ್ತಿತ್ತು. ಚಪ್ಪಲಿ ಎಳೆದುಕೊಂಡು ಬಂದರೆ ಸುಮ್ನೆ ಮಲಗುತ್ತಾರೆ. ಹೆಜ್ಜೆ ಒತ್ತಿ ಒತ್ತಿ ಇಟ್ಟರೆ ಏನೋ ಆಗುತ್ತದೆ. ಅಂಥ ಮನೆಯ ಮಕ್ಕಳು ಸಪ್ಪಳ, ಮುಖ, ಮಾತಿನ ನಡುವಿನ ಮೌನ ಎಲ್ಲವನ್ನೂ ಗಮನಿಸುವುದು ಬಹಳ ಬೇಗ ಕಲಿಯುತ್ತಾರೆ. ಆ ಗಮನ ಬರಹಕ್ಕೆ ಬೇಕೇ ಬೇಕು, ನಿಜ. ಅದೊಂದೇ ಇದ್ದರೆ ಮಾತ್ರ ಮನುಷ್ಯ ಸದಾ ಬೆಚ್ಚಿಬೀಳುತ್ತಾ ಬದುಕುತ್ತಾನೆ, ಅಷ್ಟೆ. ನಾನು ಹಾಗೇ ಇದ್ದೆ. ಶಾಲೆಯಲ್ಲಿ ಯಾರಾದರೂ ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ತಿರುಗಿ ಹೊಡೆದುಬಿಡುತ್ತಿದ್ದೆ. ಪುಂಡ ಅಂತ ಹೆಸರು ಬಂದಿತ್ತು.

ಆಗ ನನಗೆ 12 ವರ್ಷ. ಒಂದು ರಾತ್ರಿ ಜಗಳವಾಯಿತು. ಅಪ್ಪ ಎಸೆದ ತಟ್ಟೆ ಗೋಡೆಗೆ ಬಡಿಯಿತು, ತಂಗಿ ಮಂಚದ ಕೆಳಗೆ ಸೇರಿಕೊಂಡಳು, ಅಪ್ಪ ಅಮ್ಮನ ಕೈ ಹಿಡಿದು ತಿರುಚಿದರು. ಬೆಳಿಗ್ಗೆ ನೋಡಿದರೆ ಅಮ್ಮನ ಬಲಗೈ ಮಣಿಕಟ್ಟಿನ ಹತ್ತಿರ ಊದಿತ್ತು. ಅವತ್ತು ಮಾವನಿಗೆ ಕಾಗದ ಬರೆಯುವ ದಿನ. ಅಣ್ಣನಿಗೆ ಕಾಗದ ಬರೆಯುವುದನ್ನು ಅಮ್ಮ ಯಾವತ್ತೂ ತಪ್ಪಿಸಿದವಳಲ್ಲ. ನನ್ನನ್ನು ಕೂರಿಸಿಕೊಂಡು ಹೇಳಿದಳು, "ಬರಿ. ನಾವೆಲ್ಲ ಕ್ಷೇಮ. ಮನೆಯಲ್ಲಿ ಕೆಲಸ ಜಾಸ್ತಿ, ಅದಕ್ಕೆ ಮಗನ ಕೈಲಿ ಬರೆಸುತ್ತಿದ್ದೇನೆ."

ಬರೆದೆ. ಅಮ್ಮ ಒಳಗೆ ಹೋದಳು. ಕೊನೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಅಪ್ಪನ ಮೇಲಿದ್ದ ಸಿಟ್ಟನ್ನೆಲ್ಲ ಅಲ್ಲಿ ಸುರಿಯಬೇಕು ಅನ್ನಿಸಿತು. ಅಪ್ಪ ಕೆಟ್ಟವರು, ಅಪ್ಪ ರಾಕ್ಷಸ ಅಂತೆಲ್ಲ ಬರೆಯೋಣ ಅಂದುಕೊಂಡೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. ಎಷ್ಟಾದರೂ ಅಪ್ಪ. ಕೊನೆಗೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆದೆ. "ಅಮ್ಮನ ಬಲಗೈ ಊದಿದೆ. ಪೆನ್ನು ಹಿಡಿಯಲು ಆಗುವುದಿಲ್ಲ. ನಿನ್ನೆ ಮಧ್ಯಾಹ್ನ ಚೆನ್ನಾಗಿತ್ತು." ಅಂಟಿಸಿ, ಓಡಿಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದೆ.

ಮಾವ ಬಂದರು. ಮುಂಚೆ ತಿಳಿಸಲಿಲ್ಲ, ಜಗಳವನ್ನೂ ಆಡಲಿಲ್ಲ. ಅಮ್ಮನ ಕೈ ನೋಡಿದರು, ನಮ್ಮ ಮೂವರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋದರು. ಬಹಳ ವರ್ಷಗಳ ಮೇಲೆ ಅವರೇ ನನಗೆ ಹೇಳಿದ ಮಾತು ಇದು: "ಅಪ್ಪ ಕೆಟ್ಟವರು ಅಂತ ಬರೆದಿದ್ದರೆ, ಹುಡುಗ ಏನೋ ಮುನಿಸಿಕೊಂಡಿದ್ದಾನೆ ಅಂತ ಬಿಟ್ಟುಬಿಡುತ್ತಿದ್ದೆ. ಮಧ್ಯಾಹ್ನ ಚೆನ್ನಾಗಿತ್ತು ಅಂತ ಬರೆದೆ ನೋಡು, ಅದನ್ನು ಓದಿ ಕೂತಲ್ಲಿ ಕೂರಲು ಆಗಲಿಲ್ಲ."

ಬರಹದ ಬಗ್ಗೆ ನಾನು ಆಮೇಲೆ ಎಷ್ಟೋ ಓದಿದ್ದೇನೆ, ಕೇಳಿದ್ದೇನೆ. ಇದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ. ಬರೆದದ್ದನ್ನು ಒಬ್ಬರು ಓದಿದರು, ಓದಿ ಎದ್ದು ಬಂದರು. ಆ ರುಚಿ ಹತ್ತಿದ ಮೇಲೆ ನಾನು ಬರೆಯುವುದನ್ನು ಬಿಡಲಿಲ್ಲ.

ಮಾವನ ಮನೆಗೆ ಬಂದ ತಕ್ಷಣ ಎಲ್ಲ ಸರಿಹೋಯಿತು ಅಂತಲ್ಲ. ಪುಂಡಾಟ ಕೆಲವು ವರ್ಷ ಮುಂದುವರಿಯಿತು. ಆದರೆ ಆ ಮನೆಯಲ್ಲಿ ಪುಸ್ತಕಗಳಿದ್ದವು. ಓದುತ್ತಾ ಹೋದಾಗ ನನ್ನಂಥ ಹುಡುಗರು ಸಿಕ್ಕರು. 1868ರಲ್ಲಿ ರಷ್ಯಾದಲ್ಲಿ ಹುಟ್ಟಿದ ಲೇಖಕ ಗಾರ್ಕಿ ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, ಅಜ್ಜನ ಕೈಯಲ್ಲಿ ಪೆಟ್ಟು ತಿಂದು, ವೋಲ್ಗಾ ನದಿಯ ಹಡಗಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ಅಲ್ಲಿನ ಅಡುಗೆಯವ ಸ್ಮೂರಿಯ ಪೆಟ್ಟಿಗೆಯಲ್ಲಿ ಪುಸ್ತಕಗಳಿದ್ದವು. ಅವನು ಹುಡುಗನನ್ನು ಕರೆದು ಜೋರಾಗಿ ಓದಿಸುತ್ತಿದ್ದ. ಗಾರ್ಕಿಯ ಬಗ್ಗೆ ಮಾತಾಡುವವರು ಹಸಿವಿನ ಬಗ್ಗೆ ಹೇಳುವಷ್ಟು ಆ ಅಡುಗೆಯವನ ಬಗ್ಗೆ ಹೇಳುವುದಿಲ್ಲ. ನನಗೋ ಅವನೇ ಮುಖ್ಯ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1824ರಲ್ಲಿ, 12ನೇ ವಯಸ್ಸಿಗೇ, ಅಪ್ಪ ಸಾಲಕ್ಕಾಗಿ ಜೈಲು ಸೇರಿದ್ದಾಗ ಲಂಡನ್ನಿನಲ್ಲಿ ಬೂಟ್ ಪಾಲಿಶ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಆ ಅವಮಾನವನ್ನು ಬದುಕಿಡೀ ಮುಚ್ಚಿಟ್ಟರು. ಗೆಳೆಯ ಜಾನ್ ಫಾರ್ಸ್ಟರ್‌ಗೆ ಹೇಳಿಕೊಂಡಿದ್ದರು, ಅಷ್ಟೆ. 1870ರಲ್ಲಿ ಅವರು ತೀರಿಕೊಂಡ ಮೇಲೆ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಅದು ಲೋಕಕ್ಕೆ ತಿಳಿಯಿತು. ಅಷ್ಟು ಬರೆದವರಿಗೂ ಅದನ್ನು ಹೇಳಿಕೊಳ್ಳಲು ಒಂದು ಕಿವಿ ಬೇಕಾಗಿತ್ತು.

ನಾನೂ ಅಪ್ಪನ ಬಗ್ಗೆ ಬಹಳ ಕಾಲ ಬರೆಯಲಿಲ್ಲ. ಬರೆಯಲು ಕೂತ ದಿನಗಳಲ್ಲಿ ಮೈ ಭಾರವಾಗುತ್ತಿತ್ತು, ಯಾರ ಹತ್ತಿರವೂ ಮಾತು ಬೇಡ ಅನ್ನಿಸುತ್ತಿತ್ತು. ಆಮೇಲೊಮ್ಮೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ ಅವರ 1986ರ ಅಧ್ಯಯನದ ಬಗ್ಗೆ ಓದಿದೆ. ವಿದ್ಯಾರ್ಥಿಗಳಿಗೆ ತಮ್ಮ ಬದುಕಿನ ನೋವಿನ ಘಟನೆಯನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಬರೆಯಲು ಹೇಳಿದ್ದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರಿಂದ ತಮಗೆ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆಯಂತೆ. ಅದನ್ನು ಓದಿ ನನಗೆ ಧೈರ್ಯ ಬಂತು. ನನ್ನ ಸಂಕಟ ಬರಹ ಕೆಡುತ್ತಿದೆ ಅನ್ನುವುದರ ಗುರುತಲ್ಲ, ಸ್ವಲ್ಪ ತಡೆದುಕೊಂಡರೆ ದಾಟಬಹುದು ಅನ್ನಿಸಿತು. ದಾಟಿದೆ. ಕಾಗದ ಬರೆದ ಆ ಬೆಳಿಗ್ಗೆಯ ಬಗ್ಗೆ ಒಂದು ಕಥೆ ಬರೆದೆ, ಅಚ್ಚಾಯಿತು.

ಆ ಕೊನೆಯ ಸಾಲುಗಳ ಬಗ್ಗೆ ಅಮ್ಮ ನನ್ನನ್ನು ಎಂದೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಕಥೆಯನ್ನು ಕೈಗೆ ಕೊಟ್ಟು ಹೆದರಿಕೊಂಡೇ ಕೂತಿದ್ದೆ. ಪೂರ್ತಿ ಓದಿ ಕನ್ನಡಕ ತೆಗೆದಳು. "ಎಲ್ಲ ಸರಿ. ಆದರೆ ಅವತ್ತು ಎಡಗೈಯಲ್ಲಾದರೂ ನಾನು ನಾಲ್ಕು ಸಾಲು ಗೀಚಬಹುದಿತ್ತು. ಇಲ್ಲ ಅಂದರೆ ಕೈ ವಾಸಿಯಾದ ಮೇಲೆ ಬರೆಯಬಹುದಿತ್ತು. ನನ್ನ ಅಕ್ಷರ ಕಾಣದೆ ಅಣ್ಣನಿಗೆ ಅನುಮಾನ ಬರಲಿ ಅಂತಲೇ ನಿನ್ನ ಕೈಲಿ ಬರೆಸಿದ್ದು. ಅದು ಇದರಲ್ಲಿ ಇಲ್ಲವಲ್ಲ" ಅಂದಳು.

ಪುಸ್ತಕ ಮಾಡುವಾಗ ಆ ಕಥೆಯನ್ನು ಅಮ್ಮನ ಕಡೆಯಿಂದ ಮೊದಲಿನಿಂದ ಬರೆದೆ. ಈಗ ಏನು ಬರೆದರೂ ಅಚ್ಚಿಗೆ ಕಳಿಸುವ ಮುಂಚೆ ಅವಳಿಗೆ ಓದಲು ಕೊಡುತ್ತೇನೆ.