ನಿಪೊಮೊ ದಾರಿಯಲ್ಲಿ ಒಂದು ಯೂ-ಟರ್ನ್

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಬೆಳಿಗ್ಗೆ ಆರಕ್ಕೇ ಹೊರಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. 101 ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ನಿಪೊಮೊ ಎಂಬ ಊರಿಗೆ. "ಅಲ್ಲಿ ನೋಡೋಕೆ ಏನಿದೆ?" ಅಂದರು ನಮ್ಮ ಮನೆಯವರು. "ಒಂದು ಕಾಲದಲ್ಲಿ ಬಟಾಣಿ ಹೊಲ ಇತ್ತು" ಅಂದೆ. ಅವರು ಸುಮ್ನೆ ಗಾಡಿ ಸ್ಟಾರ್ಟ್ ಮಾಡಿದರು.

ಈ ಹುಚ್ಚು ಹತ್ತಿದ್ದು ಓಕ್ಲೆಂಡ್ ಮ್ಯೂಸಿಯಂನಲ್ಲಿ. ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಅವರ ನೆಗೆಟಿವ್‌ಗಳು, ಕಾಗದಪತ್ರಗಳು ಇರುವುದು ಅಲ್ಲೇ. ಏಳನೇ ವಯಸ್ಸಿಗೆ ಪೋಲಿಯೊ ಬಂದು ಜೀವನಪೂರ್ತಿ ಕುಂಟುತ್ತಾ ನಡೆದವರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟುಡಿಯೊ ಇಟ್ಟು ಉಳ್ಳವರ ಫೋಟೊ ತೆಗೆಯುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದವರು ಅನ್ನಕ್ಕಾಗಿ ಸಾಲು ನಿಂತದ್ದನ್ನು ಕಂಡು ಕ್ಯಾಮೆರಾ ಹೊತ್ತು ಬೀದಿಗಿಳಿದರು. 1935ರಿಂದ ಸರ್ಕಾರಕ್ಕಾಗಿ ವಲಸೆ ಕೂಲಿಗಳ ಬದುಕನ್ನು ದಾಖಲಿಸಿದರು. ಯುದ್ಧಕಾಲದಲ್ಲಿ, 1942ರಲ್ಲಿ, ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಿಗೆ ತಳ್ಳಿದ್ದನ್ನೂ ತೆಗೆದರು. ಆ ಚಿತ್ರಗಳನ್ನು ಸೇನೆ ಮುಚ್ಚಿಟ್ಟುಬಿಟ್ಟಿತು.

ಸಲಿನಾಸ್ ದಾಟುವಾಗ ಎರಡೂ ಕಡೆ ಲೆಟಿಸ್ ಹೊಲ. ಸಾಲು ಹಿಡಿದು ಬಗ್ಗಿದ ಬೆನ್ನುಗಳು. ನಾವು ಗಂಟೆಗೆ 70 ಮೈಲಿಯಲ್ಲಿ ಹೋಗುತ್ತಿದ್ದೆವು, ಮುಖ ಕಾಣಲಿಲ್ಲ.

1936ರ ಮಾರ್ಚ್‌ನಲ್ಲಿ ಲ್ಯಾಂಗ್ ಒಂಟಿಯಾಗಿ ಇದೇ ದಾರಿಯಲ್ಲಿ, ನಮಗೆ ಎದುರು ದಿಕ್ಕಿನಲ್ಲಿ, ಉತ್ತರಕ್ಕೆ ಮನೆಗೆ ಮರಳುತ್ತಿದ್ದರು. ಮಳೆ, ತಿಂಗಳ ಕೆಲಸದ ಸುಸ್ತು. ಬಟಾಣಿ ಕೀಳುವವರ ಬಿಡಾರ ಎಂಬ ಬೋರ್ಡು ಕಂಡಿತು. ದಾಟಿ ಹೋದರು. ಮನಸ್ಸು ಬಿಡಬೇಕಲ್ಲ! ಇಪ್ಪತ್ತು ಮೈಲಿ ಹೋದವರು ಗಾಡಿ ತಿರುಗಿಸಿದರು. ಬೆಳೆ ಹಾಳಾಗಿ ಕೂಲಿ ಇಲ್ಲದೆ ಕೂತಿದ್ದ ಜನ, ಒಂದು ಹರಕು ಡೇರೆ, ಮಕ್ಕಳೊಂದಿಗೆ ತಾಯಿ. ಹತ್ತೇ ನಿಮಿಷದಲ್ಲಿ ಫೋಟೊ ತೆಗೆದು ಹೊರಟರು.

ಚಿತ್ರ ಪತ್ರಿಕೆಗೆ ಹೋಯಿತು. ಸರ್ಕಾರ ಸುಮಾರು 9,000 ಕಿಲೊ ಆಹಾರ ಕಳಿಸಿತು. ಅಷ್ಟರಲ್ಲಿ ಆ ಸಂಸಾರ ಬೇರೆ ಊರಿಗೆ ಹೊರಟುಹೋಗಿತ್ತು!

ಆ ತಾಯಿಯ ವಯಸ್ಸು 32 ಎಂದು ಲ್ಯಾಂಗ್‌ಗೆ ಗೊತ್ತಾಯಿತು. ಹೆಸರು ಕೇಳಲಿಲ್ಲ, ಇದನ್ನು ಮುಂದೆ ತಾವೇ ಬರೆದುಕೊಂಡರು. ನನಗೆ ಚುಚ್ಚುವುದು ಇದೇ. ಅಷ್ಟು ದೂರದಿಂದ ವಾಪಸ್ಸು ಬಂದವರಿಗೆ ಹೆಸರು ಕೇಳುವಷ್ಟು ಹೊತ್ತಿರಲಿಲ್ವಾ? 1978ರಲ್ಲಿ ಪತ್ರಿಕೆಯವರು ಆಕೆಯನ್ನು ಹುಡುಕಿದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೊಕೀ ಮೂಲದವರು. ತಮ್ಮ ಚಿತ್ರದಿಂದ ತಮಗೆ ಒಂದು ಪೈಸೆಯೂ ಸಿಗಲಿಲ್ಲ ಎಂಬ ಸಿಟ್ಟು ಅವರಿಗಿತ್ತು.

ಮಾತಿನ ಭರದಲ್ಲಿ ನಾವೂ ಎಕ್ಸಿಟ್ ತಪ್ಪಿಸಿಕೊಂಡು ಸಾಂಟಾ ಮರಿಯಾ ತನಕ ಹೋಗಿ ತಿರುಗಿಕೊಂಡೆವು. ನಿಪೊಮೊದಲ್ಲಿ ನೀಲಗಿರಿ ಮರಗಳು, ಹೊಸ ಮನೆಗಳು. ಬಿಡಾರ ಇದ್ದದ್ದು ಎಲ್ಲಿ ಅಂತ ನಮಗೆ ಪತ್ತೆಯಾಗಲಿಲ್ಲ. ಡೊರೊಥಿಯಾ ಲ್ಯಾಂಗ್ ಹೆಸರಿನ ಪ್ರಾಥಮಿಕ ಶಾಲೆಯ ಎದುರು ಗಾಡಿ ನಿಲ್ಲಿಸಿ ಚಿತ್ರಾನ್ನ ತಿಂದೆವು.

"ಆ ಅಮ್ಮನ ಹೆಸರಲ್ಲಿ ಏನೂ ಇಲ್ವಾ?" ಇವರು ಕೇಳಿದರು.

"ಮೊಡೆಸ್ಟೊ ಹತ್ತಿರ ಹ್ಯೂಸನ್‌ನಲ್ಲಿ ಸಮಾಧಿ ಇದೆ. ಕಲ್ಲಿನ ಮೇಲೆ ಹೆಸರಿದೆ."

"ನಮ್ಮ ದಾರೀಲಿ ಸಿಗುತ್ತಾ?"

"ಇಲ್ಲ, ಸುತ್ತು ಜಾಸ್ತಿ."

ಖಾಲಿ ಡಬ್ಬಿ ಮುಚ್ಚಿ ಫೋನಿನಲ್ಲಿ ಮ್ಯಾಪ್ ತೆರೆದರು.